ಹಡಗಿನ ದಿನಚರಿಯೂ ಒಳನಾಡಿನ ಚರಿತ್ರೆಯೂ

ಸ್ಥಳೀಯ ಚರಿತ್ರೆಯ ಸಾಮಗ್ರಿಯನ್ನು ಸಂಗ್ರಹಿಸುವ ಅಭ್ಯಾಸಕ್ಕಾಗಿ ನಾವು ವಿದ್ಯಾರ್ಥಿಗಳೊಡನೆ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿಗೆ ಹೋಗಿದ್ದೆವು. ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ರೇಷ್ಮೆ ಸಾಕುವ ರೈತರೊಬ್ಬರ ಮನೆಯ ಜಗುಲಿಯಲ್ಲಿ ಕುಳಿತೆವು. ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳಲ್ಲಿ ಹಣ್ಣಾದ ಹುಳುಗಳು ಗೂಡು ಕಟ್ಟುತ್ತಿದ್ದುವು. ಹಿಂದಿನ ವಾರ ತರಗತಿಯಲ್ಲಿ ನಡೆದಿದ್ದ ಕಡಲ ಯಾನದ ಪಾಠವನ್ನು ನೆನೆದು, ಅದೇ ಸೀಮೆಯ ವಿದ್ಯಾರ್ಥಿಯೊಬ್ಬನು, “ಕಡಲನ್ನೇ ಕಾಣದ ನಮ್ಮ ಊರಿಗೂ ಹಡಗಿಗೂ ಏನು ಸಂಬಂಧ, ಸಾರ್?” ಎಂದು ಕೇಳಿದನು. ಮನೆಯ ಯಜಮಾನರು ನಕ್ಕರು. ನಮಗೆ ಮಾತ್ರ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರ.

ಹಡಗಿನ ಚರಿತ್ರೆಯೆಂದರೆ ನಮ್ಮ ಪಠ್ಯಗಳಲ್ಲಿ ಸಾಮಾನ್ಯವಾಗಿ ಬಂದರುಗಳ, ಸರಕುಗಳ, ಯುದ್ಧಗಳ ಚರಿತ್ರೆ. ಹಡಗಿನ ಮೇಲೆ ಜನರು ದಿನಗಳನ್ನು ಹೇಗೆ ಕಳೆದರು, ರೇವಿನಲ್ಲಿ ಇಳಿದಾಗ ಏನನ್ನು ನೋಡಿದರು, ಯಾರೊಡನೆ ಮಾತನಾಡಿದರು ಎಂಬುದು ಅಲ್ಲಿ ಬರುವುದಿಲ್ಲ. ಆದರೆ ಮೈಸೂರು ಸೀಮೆಯ ಕೆಲವು ಮುಖ್ಯ ಸಂಸ್ಥೆಗಳ ಹಾಗೂ ಕಸುಬುಗಳ ಹಿನ್ನೆಲೆಯನ್ನು ಅರಸುತ್ತ ಹೋದರೆ, ಅಂತಹ ಬಿಡುವಿನ ದಿನಗಳ ಬಳಿಗೇ ನಾವು ತಲುಪುತ್ತೇವೆ. ಅಲ್ಲಿ ದೊರೆಯುವ ಸಾಕ್ಷ್ಯ ಎಷ್ಟು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿನ ವಿಚಾರ.

೧. ಯಾನದ ಹಡಗು, ವಿಹಾರದ ಹಡಗು

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಒಂದು ರೇವಿನಿಂದ ಇನ್ನೊಂದು ರೇವಿಗೆ ಜನರನ್ನೂ ಅಂಚೆಯನ್ನೂ ಗೊತ್ತಾದ ದಿನಕ್ಕೆ ಮುಟ್ಟಿಸುವುದು ಯಾನದ ಹಡಗಿನ ಕೆಲಸ. ವಿಹಾರದ ಹಡಗಿಗೆ ಹೋಗಿ ಸೇರುವ ಊರು ಮುಖ್ಯವಲ್ಲ. ಹಡಗಿನ ವಾಸವೂ ನಡುನಡುವೆ ಇಳಿದು ನೋಡುವ ರೇವುಗಳೂ ಮುಖ್ಯ. ೧೮೯೧ರ ಜನವರಿಯಲ್ಲಿ ಹ್ಯಾಂಬರ್ಗಿನ ಕಂಪೆನಿಯೊಂದು ಚಳಿಗಾಲದಲ್ಲಿ ಪ್ರಯಾಣಿಕರಿಲ್ಲದೆ ನಿಲ್ಲಬೇಕಾಗಿದ್ದ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರದ ವಿಹಾರಕ್ಕೆ ಕಳುಹಿಸಿತು. ವಿಹಾರಕ್ಕೆಂದೇ ಕಟ್ಟಿದ ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್’ ನೀರಿಗಿಳಿದುದು ೧೯೦೦ರಲ್ಲಿ.

ನಮ್ಮವರು ಅಂದು ಹತ್ತಿದುದು ಬಹುಮಟ್ಟಿಗೆ ಯಾನದ ಹಡಗುಗಳನ್ನೇ. ಆದರೂ ಕಲ್ಲಿದ್ದಲು, ಸಿಹಿನೀರು, ಅಂಚೆ, ಸರಕು ಇವುಗಳಿಗಾಗಿ ಹಡಗು ರೇವಿನಲ್ಲಿ ನಿಂತಾಗಲೆಲ್ಲ ಪ್ರಯಾಣಿಕರಿಗೆ ಕೆಲವು ಗಂಟೆಗಳೋ ಕೆಲವು ದಿನಗಳೋ ದೊರೆಯುತ್ತಿದ್ದುವು. ಇಂದಿನ ವಿಹಾರ ಹಡಗುಗಳು ಹಣಕ್ಕೆ ಮಾರುವ ಊರು ನೋಟವು ಅಂದು ಕಲ್ಲಿದ್ದಲು ತುಂಬುವ ಕೆಲಸದ ಜೊತೆಗೆ ತಾನಾಗಿ ಬಂದ ಅವಕಾಶವಾಗಿತ್ತು.

೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಬೊಂಬಾಯಿಯಿಂದ ಯೂರೋಪಿಗೆ ಆಫ್ರಿಕವನ್ನು ಬಳಸಿ ಹೋಗಬೇಕಾದುದು ತಪ್ಪಿತು. ೧೮೮೧-೮೨ರಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗವು ಚನ್ನಪಟ್ಟಣದ ಮೂಲಕ ಹಾಯ್ದಿತು; ೧೮೯೦ರ ಹೊತ್ತಿಗೆ ಬೆಂಗಳೂರು ಹುಬ್ಬಳ್ಳಿಯ ದಾರಿಯಾಗಿ ಪುಣೆಗೆ ಸೇರಿತು. ಚನ್ನಪಟ್ಟಣದಲ್ಲಿ ರೈಲು ಹತ್ತಿದವನು ಬೊಂಬಾಯಿಯ ಧಕ್ಕೆಯವರೆಗೂ ರೈಲಿನಲ್ಲೇ ಹೋಗಬಹುದಾಗಿತ್ತು. ಒಳನಾಡಿಗೂ ಕಡಲಿಗೂ ನಡುವಿನ ದೂರ ಕುಗ್ಗಿದುದು ಹೀಗೆ.

೨. ಹಡಗಿನ ಮೇಲಿನ ಒಂದು ದಿನ

ಹಡಗಿನ ಮೇಲೆ ಕಾಲವನ್ನು ಅಳೆಯುವ ಕ್ರಮವೇ ಬೇರೆ. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುವರು. ನಾಲ್ಕು ಗಂಟೆಗಳಲ್ಲಿ ಎಂಟು ಪೆಟ್ಟುಗಳು ಮುಗಿದಾಗ ಕಾವಲಿನ ಸರದಿ ಬದಲಾಗುವುದು. ಬೆಳಕು ಹರಿಯುವ ಮುನ್ನವೇ ಖಲಾಸಿಗಳು ಡೆಕ್ಕನ್ನು ತೊಳೆದು ಉಜ್ಜುವರು. ಮಧ್ಯಾಹ್ನ ಸೂರ್ಯನನ್ನು ನೋಡಿ ಹಡಗಿನ ಸ್ಥಾನವನ್ನು ಗೊತ್ತುಮಾಡಿ, ಹಿಂದಿನ ಮಧ್ಯಾಹ್ನದಿಂದ ಕ್ರಮಿಸಿದ ಮೈಲಿಗಳನ್ನು ಬರೆದು ತೂಗುಹಾಕುವರು. ಆ ಅಂಕಿಯ ಮೇಲೆ ಪಣ ಕಟ್ಟುವುದು ಮೇಲ್ದರ್ಜೆಯವರ ನಿತ್ಯದ ವಿನೋದ. ಬಳೆಯೆಸೆತ, ಇಸ್ಪೀಟು, ಓದು, ಒರಗುಕುರ್ಚಿಯಲ್ಲಿ ನಿದ್ದೆ, ಊಟದ ಗಂಟೆ, ಮತ್ತೆ ಓದು: ಹೊರಗೆ ನೀರಲ್ಲದೆ ಬೇರೇನೂ ಕಾಣದಿರುವಾಗ ಮನುಷ್ಯನಿಗೆ ಉಳಿಯುವುದು ಮಾತುಕತೆ ಒಂದೇ. ನೆಲದ ಮೇಲೆ ಎಂದೂ ಎದುರಾಗದ ಇಬ್ಬರು ಇಲ್ಲಿ ಹತ್ತು ಹನ್ನೆರಡು ದಿನ ಒಂದೇ ಡೆಕ್ಕಿನ ಮೇಲೆ ಓಡಾಡಬೇಕು.

ಭಾರತೀಯ ಪ್ರಯಾಣಿಕರಿಗೆ ಮೊದಲ ತೊಡಕು ಊಟದ್ದು. ೧೮೮೮ರ ಸೆಪ್ಟೆಂಬರ್ ೪ರಂದು ‘ಕ್ಲೈಡ್’ ಎಂಬ ಹಡಗಿನಲ್ಲಿ ಬೊಂಬಾಯಿಯಿಂದ ಹೊರಟ ಹದಿನೆಂಟರ ತರುಣ ಗಾಂಧಿಯವರು, ಚಮಚ-ಮುಳ್ಳುಗಳ ಬಳಕೆ ತಿಳಿಯದೆ, ಯಾವ ಪದಾರ್ಥದಲ್ಲಿ ಮಾಂಸವಿದೆಯೆಂದು ಕೇಳಲು ನಾಚಿ, ಮನೆಯಿಂದ ಕಟ್ಟಿಕೊಂಡು ಬಂದ ಸಿಹಿತಿಂಡಿ-ಹಣ್ಣುಗಳನ್ನೇ ತಮ್ಮ ಕ್ಯಾಬಿನ್ನಿನಲ್ಲಿ ಹೆಚ್ಚಾಗಿ ತಿನ್ನುತ್ತಿದ್ದರು. ಕಡಲು ದಾಟಿದರೆಂದು ಅವರ ಜಾತಿಯವರು ಬಹಿಷ್ಕಾರ ಹಾಕಿದುದು ಎಲ್ಲರಿಗೂ ತಿಳಿದ ವಿಷಯ. ೧೯೦೨ರಲ್ಲಿ ಇಂಗ್ಲೆಂಡಿನ ಪಟ್ಟಾಭಿಷೇಕಕ್ಕೆ ಹೊರಟ ಜಯಪುರದ ಮಹಾರಾಜ ಮಾಧೋಸಿಂಗರಾದರೋ ‘ಒಲಿಂಪಿಯಾ’ ಎಂಬ ಹಡಗನ್ನೇ ಬಾಡಿಗೆಗೆ ಪಡೆದು, ಒಂದೊಂದರಲ್ಲಿ ಸುಮಾರು ೪,೦೦೦ ಲೀಟರು ಹಿಡಿಯುವ ಬೆಳ್ಳಿಯ ಹಂಡೆಗಳಲ್ಲಿ ಗಂಗೋದಕವನ್ನು ತುಂಬಿಸಿಕೊಂಡು ಹೋದರು. ತೊಡಕು ಇಬ್ಬರಿಗೂ ಒಂದೇ. ಪರಿಹಾರ ಮಾತ್ರ ಅವರವರ ಸಂಪತ್ತಿಗೆ ತಕ್ಕಂತೆ.

ಮೇಲಿನ ಡೆಕ್ಕಿನ ಬಿಡುವಿನ ಬಗೆಗೆ ಬರೆಯುವಾಗ ಕೆಳಗಿನ ದುಡಿಮೆಯನ್ನು ಮರೆಯುವುದು ಚರಿತ್ರಕಾರನಿಗೆ ತಕ್ಕುದಲ್ಲ. ಬಿಸಿಲಿನ ಕಾಲದಲ್ಲಿ ಕೆಂಪು ಸಮುದ್ರವನ್ನು ದಾಟುವಾಗ ಮೇಲಿನವರು ಸೆಕೆಯೆಂದು ಡೆಕ್ಕಿನ ಮೇಲೆ ಮಲಗುತ್ತಿದ್ದರೆ, ಕೆಳಗೆ ಕುಲುಮೆಗಳ ಮುಂದೆ ಕಲ್ಲಿದ್ದಲು ಎಸೆಯುವವರ ಸರದಿ ನಡೆದೇ ಇರುತ್ತಿತ್ತು. ಸಾರಂಗನೆಂಬ ಮೇಸ್ತ್ರಿಯ ಕೈಕೆಳಗೆ ದುಡಿಯುತ್ತಿದ್ದ ಲಸ್ಕರರಲ್ಲಿ ಬಹು ಮಂದಿ ನಮ್ಮ ದೇಶದವರು. ಊಟದ ಮನೆಯಲ್ಲಿ ಬಡಿಸುವವರಲ್ಲಿ ಗೋವೆಯವರು ಹೆಚ್ಚು. ೧೯೧೪ರ ವೇಳೆಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ನಾವಿಕರಲ್ಲಿ ಸುಮಾರು ಆರರಲ್ಲಿ ಒಬ್ಬನು ಲಸ್ಕರನಾಗಿದ್ದನು. ಪ್ರಯಾಣಿಕರು ಬರೆದ ಪುಸ್ತಕಗಳು ಕಪಾಟುಗಳನ್ನು ತುಂಬಿವೆ. ಅವರಿಗೆ ನೀರು ತಂದುಕೊಟ್ಟವನು ತನ್ನ ದಿನಚರಿಯನ್ನು ಬರೆದಿಟ್ಟುದು ಬಹು ಅಪರೂಪ. ನಮ್ಮ ಆಧಾರಗಳ ಮೊದಲ ಕೊರತೆ ಇದು.

೩. ರೇವಿನಲ್ಲಿ ಇಳಿದವರು

ಮೈಸೂರಿಗೆ ಸಂಬಂಧಪಟ್ಟ ಯಾನಗಳಲ್ಲಿ ಚೆನ್ನಾಗಿ ದಾಖಲೆಯಾಗಿರುವುದು ೧೮೯೩ರ ಸ್ವಾಮಿ ವಿವೇಕಾನಂದರ ಯಾನ. ಹಿಂದಿನ ವರ್ಷ ಅವರು ಬೆಂಗಳೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಗಳಾಗಿದ್ದು, ಚಾಮರಾಜೇಂದ್ರ ಒಡೆಯರ ಪರಿಚಯವನ್ನೂ ಆದರವನ್ನೂ ಪಡೆದಿದ್ದರು. ಯಾನಕ್ಕೆ ಮದರಾಸಿನಲ್ಲಿ ಹಣ ಕೂಡಿಸಲು ಮುಂದಾದ ಅಳಸಿಂಗ ಪೆರುಮಾಳರು ಹುಟ್ಟಿದುದು ಚಿಕ್ಕಮಗಳೂರಿನಲ್ಲಿ. ಖೇತ್ರಿಯ ರಾಜರ ನೆರವಿನಿಂದ ಮೊದಲನೆಯ ದರ್ಜೆಯ ಟಿಕೆಟು ದೊರೆತು, ೧೮೯೩ರ ಮೇ ೩೧ರಂದು ‘ಪೆನಿನ್ಸುಲರ್’ ಎಂಬ ಹಡಗಿನಲ್ಲಿ ಅವರು ಬೊಂಬಾಯಿಯನ್ನು ಬಿಟ್ಟರು. ಜುಲೈ ೧೦ರಂದು ಯೋಕೋಹಾಮದಿಂದ ಮದರಾಸಿನ ಮಿತ್ರರಿಗೆ ಬರೆದ ಪತ್ರದಲ್ಲಿ ದಾರಿಯ ವಿವರಗಳು ದೊರೆಯುತ್ತವೆ.

ಆ ಪತ್ರದ ಆರಂಭವೇ ಸ್ವಾರಸ್ಯವಾದುದು. ವಸ್ತುಗಳನ್ನು ಇಟ್ಟುಕೊಂಡು ಕಾಪಾಡುವ ಬಾಳಿಗೆ ತಾವು ಹೊಸಬರೆಂದೂ, ಅದರಲ್ಲೇ ಶಕ್ತಿಯೆಲ್ಲ ವ್ಯಯವಾಗುತ್ತಿದೆಯೆಂದೂ ಅವರು ಹೇಳಿಕೊಳ್ಳುತ್ತಾರೆ. ಕಮಂಡಲು ಹಿಡಿದು ದೇಶವನ್ನು ಸುತ್ತಿದ ಸಂನ್ಯಾಸಿಗೆ ಹಡಗಿನ ಜೀವನದಲ್ಲಿ ಭಾರವೆನಿಸಿದುದು ಪೆಟ್ಟಿಗೆಗಳ ಕಾವಲು.

ರೇವುಗಳ ಕ್ರಮ ಹೀಗಿದೆ. ಕೊಲಂಬೊದಲ್ಲಿ ಹೆಚ್ಚು ಕಡಮೆ ಒಂದು ಹಗಲು; ಆ ಅವಧಿಯಲ್ಲಿ ಮಲಗಿರುವ ಬುದ್ಧನ ಬೃಹನ್ಮೂರ್ತಿಯುಳ್ಳ ದೇವಾಲಯದ ದರ್ಶನ. ಅನಂತರ ಪಿನಾಂಗು. ಅಲ್ಲಿಂದ ಸಿಂಗಪುರಕ್ಕೆ ಹೋಗುವಾಗ ದೂರದಲ್ಲಿ ಸುಮಾತ್ರದ ಬೆಟ್ಟಗಳು ಕಂಡುವು. ಹಿಂದೆ ಕಡಲುಗಳ್ಳರು ಅಡಗುತ್ತಿದ್ದ ತಾಣಗಳನ್ನು ಕಪ್ತಾನನು ತೋರಿಸಿದನು. ಸಿಂಗಪುರದಲ್ಲಿ ಸಸ್ಯೋದ್ಯಾನ ಮತ್ತು ವಸ್ತುಸಂಗ್ರಹಾಲಯ. ಹಾಂಗ್‌ಕಾಂಗಿನಲ್ಲಿ ಹಡಗು ಮೂರು ದಿನ ನಿಂತುದರಿಂದ ನದಿಯ ಮೇಲ್ಗಡೆ ಸುಮಾರು ೮೦ ಮೈಲಿ ದೂರದ ಕ್ಯಾಂಟನ್ ನಗರವನ್ನು ನೋಡಿ ಬರಲು ಸಾಧ್ಯವಾಯಿತು. ನಾಗಾಸಾಕಿಯಲ್ಲಿ ದೊರೆತುದು ಕೆಲವೇ ಗಂಟೆಗಳು; ಗಾಡಿಯಲ್ಲಿ ಊರನ್ನು ಒಂದು ಸುತ್ತು ಬಂದರು. ಮುಂದೆ ಕೋಬೆಯಲ್ಲಿ ಹಡಗನ್ನು ಬಿಟ್ಟು, ಒಸಾಕ, ಕ್ಯೋಟೊ, ಟೋಕಿಯೊಗಳನ್ನು ನೋಡುತ್ತ ನೆಲದ ಮಾರ್ಗದಿಂದ ಯೋಕೋಹಾಮವನ್ನು ಸೇರಿದರು.

ಈ ಕೊನೆಯ ಅಂಶವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ರೇವಿನಲ್ಲಿ ಕಂಡುದರಿಂದ ದೇಶ ತಿಳಿಯುವುದಿಲ್ಲವೆಂದು ಅರಿತೇ ಅವರು ಹಡಗನ್ನು ಬಿಟ್ಟರು. ದೇಶದ ಒಳಭಾಗವನ್ನು ನೋಡುವುದಕ್ಕಾಗಿ ಹಾಗೆ ಮಾಡಿದೆನೆಂದು ಪತ್ರದಲ್ಲಿಯೇ ಹೇಳಿದ್ದಾರೆ. ನಮ್ಮ ತರುಣರು ವರ್ಷವರ್ಷವೂ ಜಪಾನಿಗೆ ಹೋಗಿ ಬರಬೇಕೆಂಬ ಅವರ ಬಯಕೆಯ ಹಿಂದೆ ಈ ನೆಲದ ಪ್ರಯಾಣವಿದೆ. ಐದು ವರ್ಷಗಳ ಅನಂತರ, ೧೮೯೮ರಲ್ಲಿ, ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳು ನಿಂತು ಅಲ್ಲಿಯ ಶಿಕ್ಷಣವನ್ನೂ ಕೈಗಾರಿಕೆಗಳನ್ನೂ ಅಭ್ಯಾಸಮಾಡಿದರು. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರು ಕೈಗೊಂಡ ಕಾರ್ಯಗಳ ಹಿಂದೆ ಆ ಮೂರು ತಿಂಗಳ ನೋಟವೂ ಇತ್ತೆಂಬುದರಲ್ಲಿ ಸಂಶಯವಿಲ್ಲ.

೪. ಪೆಸಿಫಿಕ್ ಸಾಗರದ ಮೇಲಿನ ಮಾತು

ಜುಲೈ ೧೪ರಂದು ಯೋಕೋಹಾಮದಿಂದ ‘ಎಂಪ್ರೆಸ್ ಆಫ್ ಇಂಡಿಯಾ’ ಎಂಬ ಹಡಗು ಹೊರಟು ೨೫ರ ಸಂಜೆ ವ್ಯಾಂಕೂವರನ್ನು ಮುಟ್ಟಿತು. ತಾರೀಖಿನ ಲೆಕ್ಕಕ್ಕೆ ಹನ್ನೊಂದು ದಿನ. ಆದರೆ ಪೂರ್ವಾಭಿಮುಖವಾಗಿ ದಿನಾಂಕರೇಖೆಯನ್ನು ದಾಟುವ ಹಡಗಿನಲ್ಲಿ ಒಂದು ತಾರೀಖು ಎರಡು ಸಲ ಬರುವುದರಿಂದ, ಕಳೆದ ಕಾಲ ಹೆಚ್ಚು ಕಡಮೆ ಹನ್ನೆರಡು ದಿನ. ಬೆಚ್ಚನೆಯ ಉಡುಪಿಲ್ಲದೆ ಸ್ವಾಮೀಜಿಯವರು ಉತ್ತರ ಪೆಸಿಫಿಕ್ಕಿನ ಚಳಿಯಿಂದ ಬಹಳ ಕಷ್ಟಪಟ್ಟರು. ಅದೇ ಯಾನದಲ್ಲಿ ಜಮ್‌ಶೇಟ್‌ಜಿ ನಸರ್‌ವಾನ್‌ಜಿ ಟಾಟಾ ಅವರೂ ಇದ್ದರು.

ಇವರಿಬ್ಬರ ನಡುವೆ ನಡೆದ ಮಾತುಕತೆ ನಮ್ಮ ಕಾಲೇಜುಗಳ ಭಾಷಣಗಳಲ್ಲಿ ಪದೇ ಪದೇ ಬರುವ ಪ್ರಸಂಗ. ಸ್ವಾಮೀಜಿ ಇಂಥ ಪ್ರಶ್ನೆ ಕೇಳಿದರು, ಟಾಟಾ ಇಂಥ ಉತ್ತರವಿತ್ತರು, ಬೆಂಗಳೂರಿನ ವಿಜ್ಞಾನ ಮಂದಿರದ ನಕ್ಷೆ ಆ ಡೆಕ್ಕಿನ ಮೇಲೆಯೇ ಸಿದ್ಧವಾಯಿತು ಎಂದು ನಾಟಕದ ಸಂಭಾಷಣೆಯಂತೆ ಹೇಳುವುದನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಒಪ್ಪಿಕೊಳ್ಳಬೇಕಾದ ಮಾತೆಂದರೆ, ಅಧ್ಯಾಪನದ ಮೊದಲ ವರ್ಷಗಳಲ್ಲಿ ನಾವೂ ಹಾಗೆಯೇ ಪಾಠ ಹೇಳಿದ್ದೇವೆ. ತರಗತಿ ಮೆಚ್ಚಿ ಕೇಳಿತು. ಆಧಾರವೇನೆಂದು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ಆಧಾರವು ಮುಖ್ಯವಾಗಿ ಒಂದು ಪತ್ರ. ಯಾನ ಮುಗಿದು ಐದು ವರ್ಷಗಳಾದ ಮೇಲೆ, ೧೮೯೮ರ ನವೆಂಬರ್ ೨೩ರಂದು, ಟಾಟಾ ಅವರು ಬೊಂಬಾಯಿಯಿಂದ ಸ್ವಾಮೀಜಿಯವರಿಗೆ ಬರೆದರು. ಜಪಾನಿನಿಂದ ಷಿಕಾಗೋಗೆ ಹೋಗುವಾಗ ಸಹಪ್ರಯಾಣಿಕನಾಗಿದ್ದ ತಮ್ಮನ್ನು ನೆನಪಿಟ್ಟಿರಬಹುದೆಂದು ಅದರಲ್ಲಿ ಹೇಳಿದ್ದಾರೆ. ಭಾರತದಲ್ಲಿ ಬೆಳೆಯುತ್ತಿರುವ ವೈರಾಗ್ಯಭಾವವನ್ನು ನಾಶಮಾಡದೆ ಪ್ರಯೋಜನಕರವಾದ ಮಾರ್ಗಗಳಿಗೆ ತಿರುಗಿಸಬೇಕೆಂಬ ಸ್ವಾಮೀಜಿಯವರ ಅಭಿಪ್ರಾಯವು ಈಗ ತಮಗೆ ನೆನಪಾಗುತ್ತಿದೆಯೆಂದೂ, ತಮ್ಮ ವಿಜ್ಞಾನ ಸಂಶೋಧನ ಸಂಸ್ಥೆಯ ಯೋಜನೆಗೆ ಅದು ಸಂಬಂಧಪಟ್ಟುದೆಂದೂ ತಿಳಿಸಿ ಬೆಂಬಲವನ್ನು ಕೋರಿದ್ದಾರೆ. ಮರುವರ್ಷ ರಾಮಕೃಷ್ಣ ಸಂಘದ ‘ಪ್ರಬುದ್ಧ ಭಾರತ’ ಪತ್ರಿಕೆಯು ಆ ಯೋಜನೆಯನ್ನು ಬೆಂಬಲಿಸಿ ಬರೆಯಿತು.

ಇದರಿಂದ ಸಿದ್ಧವಾಗುವುದೇನು? ಇಬ್ಬರೂ ಸಹಪ್ರಯಾಣಿಕರಾಗಿದ್ದರು; ವೈರಾಗ್ಯದ ಸದುಪಯೋಗದ ಬಗೆಗೆ ಮಾತು ನಡೆದಿತ್ತು; ಕೇಳಿದವರು ಅದನ್ನು ಐದು ವರ್ಷ ಮರೆಯಲಿಲ್ಲ. ಇದಕ್ಕಿಂತ ಹೆಚ್ಚಿನದೇನೂ ಈ ಪತ್ರದಿಂದ ಸಿದ್ಧವಾಗುವುದಿಲ್ಲ. ಹಡಗಿನ ಮೇಲೆ ನಕ್ಷೆ ಸಿದ್ಧವಾಯಿತೆಂದು ಪತ್ರ ಹೇಳುವುದಿಲ್ಲ. ಯೋಜನೆಯು ಮೂರ್ತವಾಗುತ್ತಿದ್ದ ಕಾಲದಲ್ಲಿ ಹಳೆಯ ಮಾತು ನೆನಪಾಯಿತೆಂದು ಹೇಳುತ್ತದೆ. ಉಳಿದ ಸಂಭಾಷಣೆಗೆ ಪತ್ರದಲ್ಲಿ ಆಧಾರವಿಲ್ಲ. ಇಷ್ಟೇ ಎಂದು ಹೇಳಿದರೆ ಪ್ರಸಂಗದ ಮಹತ್ವ ಕುಗ್ಗುವುದೆಂದು ಕೆಲವರು ಶಂಕಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಬಿಡುವಿನ ಹನ್ನೆರಡು ದಿನಗಳಲ್ಲಿ ಕೇಳಿದ ಒಂದು ಮಾತು ಐದು ವರ್ಷ ಮನಸ್ಸಿನಲ್ಲಿದ್ದು ಸಕಾಲದಲ್ಲಿ ಮೇಲೆದ್ದು ಬಂದುದು, ಕಲ್ಪಿತ ಸಂವಾದಕ್ಕಿಂತ ಹೆಚ್ಚು ವಿಸ್ಮಯಕರವಾದ ಸಂಗತಿ.

ಮುಂದಿನ ಘಟನೆಗಳು ದಾಖಲೆಯಾಗಿವೆ. ಟಾಟಾ ಅವರು ೧೯೦೪ರಲ್ಲಿ ತೀರಿಕೊಂಡರು. ೧೯೦೭ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ೩೭೧ ಎಕರೆ ಭೂಮಿಯನ್ನಿತ್ತಿತು; ೧೯೦೯ರಲ್ಲಿ ಭಾರತೀಯ ವಿಜ್ಞಾನ ಮಂದಿರ ಸ್ಥಾಪಿತವಾಯಿತು; ೧೯೧೧ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಡದ ಶಿಲಾನ್ಯಾಸ ಮಾಡಿದರು.

೫. ಚಂದ್ರಿಕೆಯವರೆಗೆ

ಹೊಂಗನೂರಿನ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರವೊಂದಿದೆ. ಜಪಾನಿನ ರೇಷ್ಮೆ ಕಸುಬನ್ನು ಕಂಡಿದ್ದ ಟಾಟಾ ಅವರು, ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮೈಸೂರು ಸರಕಾರದ ಸಹಾಯದಿಂದ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ತೆರೆದು, ಜಪಾನೀ ತಜ್ಞರನ್ನು ಕರೆಸಿ, ಹುಳು ಸಾಕುವ ಮತ್ತು ನೂಲು ಬಿಚ್ಚುವ ಹೊಸ ಕ್ರಮಗಳನ್ನು ಇಲ್ಲಿಯವರಿಗೆ ಕಲಿಸಿದರು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಸ್ಥಳನಾಮ ಇಂದಿಗೂ ಬಳಕೆಯಲ್ಲಿದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸಂಸ್ಥಾನವು ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಬರಮಾಡಿಕೊಂಡಿತು. ಚನ್ನಪಟ್ಟಣದಲ್ಲಿ ಸರಕಾರದ ರೇಷ್ಮೆ ಕ್ಷೇತ್ರ ಆರಂಭವಾದುದು ಆ ಪ್ರಯತ್ನದ ಅಂಗವಾಗಿ.

ರೇಷ್ಮೆ ಈ ಸೀಮೆಗೆ ಹಡಗಿನಿಂದ ಬಂದಿತೆಂದು ಯಾರೂ ತಪ್ಪಾಗಿ ತಿಳಿಯಬಾರದು. ಟಿಪ್ಪು ಸುಲ್ತಾನನ ಕಾಲದಲ್ಲಿಯೇ ಇಲ್ಲಿ ಅದರ ಬೆಳವಣಿಗೆಗೆ ಪ್ರಯತ್ನ ನಡೆದಿತ್ತು. ಆದರೆ ಇಂದು ನಮ್ಮ ರೈತರು ಹೆಚ್ಚಾಗಿ ಸಾಕುವ ಮಿಶ್ರತಳಿಯು, ಮೈಸೂರು ತಳಿಯೊಂದಿಗೆ ಹೊರದೇಶದ ಮೂಲದ ದ್ವಿತಳಿಯನ್ನು ಕೂಡಿಸಿ ಪಡೆದುದು. ಆ ಜಗುಲಿಯ ಚಂದ್ರಿಕೆಗಳಲ್ಲಿದ್ದುದೂ ಮಿಶ್ರತಳಿಯ ಹುಳುಗಳೇ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಉತ್ತರವು ಅವನ ಬೆನ್ನ ಹಿಂದಿನ ಗೋಡೆಗೆ ಒರಗಿಕೊಂಡಿತ್ತು.

೬. ಕೆಲವು ಗಂಟೆಗಳ ಸಾಕ್ಷ್ಯ

ಯಾನಿಗಳ ಬರವಣಿಗೆಯನ್ನು ಆಧಾರವಾಗಿ ಬಳಸುವವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು: ಬರೆದವನು ಆ ರೇವಿನಲ್ಲಿ ಎಷ್ಟು ಹೊತ್ತು ಇದ್ದನು? ಕೆಲವು ಗಂಟೆಗಳ ನೋಟವು ಬೀದಿಯ ಅಗಲವನ್ನೂ ಜನರ ಉಡುಪನ್ನೂ ಹೇಳಬಲ್ಲುದು. ಜನರ ಸ್ವಭಾವವನ್ನು ಹೇಳಹೊರಟರೆ ಎಚ್ಚರಿಕೆ ಬೇಕು. ಎರಡನೆಯದು: ಹೇಳಿದ ಮಾತು ಎಂದು, ಯಾರಿಂದ ದಾಖಲೆಯಾಯಿತು? ಹಡಗಿನ ಜೀವನದ ಸುತ್ತ ಕಟ್ಟುಕಥೆಗಳು ಬಹು ಬೇಗ ಬೆಳೆಯುತ್ತವೆ. ಇಂಡಿಯಾಕ್ಕೆ ಬರುವಾಗ ಎಡಭಾಗ, ಹಿಂದಿರುಗುವಾಗ ಬಲಭಾಗ ಎಂದು ಬಿಸಿಲು ತಾಗದ ಕ್ಯಾಬಿನ್ನುಗಳನ್ನು ಸಿರಿವಂತರು ಕಾದಿರಿಸುತ್ತಿದ್ದರೆಂದೂ, ಅದನ್ನು ಸೂಚಿಸುವ ನಾಲ್ಕು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ‘ಪಾಷ್’ ಎಂಬ ಶಬ್ದ ಹುಟ್ಟಿತೆಂದೂ ಹೇಳುವುದುಂಟು. ಆ ಅಕ್ಷರಗಳಿದ್ದ ಒಂದು ಟಿಕೆಟನ್ನೂ ಇದುವರೆಗೆ ಯಾರೂ ತೋರಿಸಿಲ್ಲ. ಕತೆ ಸೊಗಸಾಗಿದೆಯೆಂಬುದು ಅದು ನಿಜವೆಂಬುದಕ್ಕೆ ಸಾಕ್ಷಿಯಲ್ಲ.

ಇಂದು ಪಾತ್ರಗಳು ಅದಲುಬದಲಾಗಿವೆ. ೧೯೭೪ರಲ್ಲಿ ಪ್ರಧಾನ ಬಂದರೆಂದು ಘೋಷಿತವಾದ ನವ ಮಂಗಳೂರು ಬಂದರಿಗೆ ಚಳಿಗಾಲದ ತಿಂಗಳುಗಳಲ್ಲಿ ವಿದೇಶದ ವಿಹಾರ ಹಡಗುಗಳು ಬಂದು ಒಂದು ಹಗಲು ನಿಲ್ಲುತ್ತವೆ. ೨೦೨೦ರ ಸಾಂಕ್ರಾಮಿಕದಲ್ಲಿ ನಿಂತುಹೋಗಿದ್ದ ಈ ಸಂಚಾರ ಆಮೇಲೆ ಮತ್ತೆ ಮೊದಲಾಯಿತು. ಪ್ರಯಾಣಿಕರು ಬೆಳಿಗ್ಗೆ ಇಳಿದು, ೧೪೩೦ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ೧೪೩೨ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟ, ಕುದ್ರೋಳಿಯ ಗೋಕರ್ಣನಾಥ ದೇವಾಲಯ, ಗೋಡಂಬಿ ಕಾರ್ಖಾನೆ, ಪೇಟೆ ಇವುಗಳಲ್ಲಿ ಕೆಲವನ್ನು ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಆ ಬಗೆಯ ಹಡಗುಗಳಲ್ಲಿ ಅಡುಗೆ ಮಾಡುವ, ಬಡಿಸುವ, ಕೊಠಡಿ ಗುಡಿಸುವ ಕೆಲಸಗಳಲ್ಲಿ ನಮ್ಮ ಕರಾವಳಿಯ ತರುಣರೂ ಇದ್ದಾರೆ. ನಾಗಾಸಾಕಿಯಲ್ಲಿ ಅಂದು ಗಾಡಿಯಿಂದ ನೋಡುತ್ತಿದ್ದ ಕಣ್ಣು ನಮ್ಮದು. ಇಂದು ನೋಟಕ್ಕೆ ಗುರಿಯಾದವರು ನಾವು. ಒಂದು ಹಗಲಿನಲ್ಲಿ ಕಂಡ ಮಂಗಳೂರನ್ನು ಕುರಿತು ಅವರು ಏನು ಬರೆಯುವರೋ ಎಂದು ಯೋಚಿಸಿದಾಗ, ನಮ್ಮವರು ಅಂದು ಬರೆದುದನ್ನು ಓದುವ ವಿವೇಕವೂ ನಮಗೆ ಹೆಚ್ಚಾಗಬೇಕು.

ಕರಾವಳಿಯ ಮನೆಗಳಲ್ಲಿ ಹಡಗಿನ ಕೆಲಸದಿಂದ ನಿವೃತ್ತರಾದ ಹಿರಿಯರು ಇನ್ನೂ ಇದ್ದಾರೆ. ಮೇಲಿನ ಡೆಕ್ಕಿನವರು ಬರೆಯದೆ ಬಿಟ್ಟ ದಿನಚರಿಯು ಅವರ ನೆನಪಿನಲ್ಲಿದೆ. ಅವರ ಪೆಟ್ಟಿಗೆಗಳಲ್ಲಿ ಕಾಗದಪತ್ರಗಳೂ ಇರಬಹುದು. ಅದನ್ನು ಕೇಳಿ ಬರೆದುಕೊಳ್ಳುವ ಕೆಲಸ ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳ ಶಕ್ತಿಗೆ ಮೀರಿದುದಲ್ಲ. ಆದರೆ ಮುಂದೂಡಬಹುದಾದ ಕೆಲಸವೂ ಅಲ್ಲ. ನಮ್ಮ ತರಗತಿಗಳಲ್ಲಂತೂ ೧೮೯೩ರ ಸಂಭಾಷಣೆಯನ್ನು ಈಗ ನಾವು ಅಭಿನಯಿಸಿ ಹೇಳುವುದಿಲ್ಲ. ೧೮೯೮ರ ಪತ್ರವನ್ನು ಓದಿ, ಅದು ಎಲ್ಲಿ ನಿಲ್ಲುವುದೋ ಅಲ್ಲಿಯೇ ನಾವೂ ನಿಲ್ಲುತ್ತೇವೆ.